ಮುರಾರಿ ಸಾಹೇಬರ ಮಣ್ಣಿನ ಬಿಲ್ಲೆಗಳು

ಮುಂಬಯಿ ಹತ್ತಿರದ ಶಹಾಡಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಲಕ್ಷ್ಮೀಕಾಂತ, ತೊಂಬತ್ತೇಳರ ಮೇ ತಿಂಗಳ ಆ ಶನಿವಾರ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಮ್ಯಾನೇಜರ್ ಮುರಾರಿ ಸಾಹೇಬರ ಕೋಣೆಗೆ ಅವನು ಹೋದದ್ದು ತನ್ನ ವರ್ಗಾವಣೆಯ ಅರ್ಜಿ ನೆನಪಿಸಲು. ಕಾಮೋಠೆಯಲ್ಲಿ ಸ್ವಂತ ಮನೆಯ ಬೀಗದ ಕೈ ಸಿಕ್ಕಿ ಎಂಟು ತಿಂಗಳಾಗಿತ್ತು. ಅದಕ್ಕೆ ಹತ್ತಿರದ ಬೇಲಾಪುರದ ಆಫೀಸಿಗೆ ವರ್ಗವಾದರೆ ಕಲ್ಯಾಣದ ಚಾಳಿನ ಒಂದೇ ಕೋಣೆಯ ಬಾಡಿಗೆ ಖೋಲಿ ಬಿಡಬಹುದು. ಹೆಂಡತಿ ಮಾಲಾ ಆಗಲೇ ಹೊಸ ಮನೆಯ ಕಿಟಕಿಗಳಿಗೆ ಪರದೆ ಹೊಲಿಸಿ ಟ್ರಂಕಿನಲ್ಲಿಟ್ಟಿದ್ದಳು.

ಸಾಹೇಬರು ಮೇಜಿನ ಮೇಲೆ ನಲವತ್ತು ದುಂಡನೆಯ ಬಿಲ್ಲೆಗಳನ್ನು ಹರಡಿಕೊಂಡು, ಮಗುವಿನ ಜ್ವರ ನೋಡುವ ತಾಯಿಯ ಹಾಗೆ ಒಂದೊಂದನ್ನೂ ಮುಟ್ಟಿ ನಿಟ್ಟುಸಿರು ಬಿಡುತ್ತಿದ್ದರು.

"ಪೋಕರ್ ಚಿಪ್ಸ್, ಲಕ್ಷ್ಮೀಕಾಂತ. ಇಸ್ಪೀಟಿನಲ್ಲಿ ದುಡ್ಡಿನ ಬದಲು ಇಡುವುದು. ಹಡಗಿನ ಕೆಲಸದಲ್ಲಿದ್ದಾಗ ಒಂದೊಂದು ಬಂದರಿನಲ್ಲಿ ಒಂದೊಂದು ಕೂಡಿಸಿದ್ದು. ಪ್ಲಾಸ್ಟಿಕ್ ಅಲ್ಲ, ಮಣ್ಣು ಸೇರಿಸಿ ಒತ್ತಿದ್ದು. ನಾಳೆ ಸಂಜೆ ಕುಶಲ ಶೆಟ್ರು ಇದನ್ನು ನೋಡ್ಲಿಕ್ಕೆ ಠಾಣೆಗೆ, ನಮ್ಮ ಮನೆಗೆ ಬರ್ತಾರೆ. ಅವರಿಗೂ ಇದೇ ಹುಚ್ಚು. ಈ ಕೊಳೆ ನೋಡಿ ಮಾರಾಯ್ರೆ!"

"ಕೊಳೀ ಏನ್ ದೊಡ್ಡದ್ರಿ ಸಾಹೇಬ್ರ? ನನ್ನ ಕೈಯಾಗ ಯಾವ ಕೊಳೀನೂ ನಿಂತಿಲ್ಲ," ಎಂದುಬಿಟ್ಟ ಲಕ್ಷ್ಮೀಕಾಂತ.

ಮರುಕ್ಷಣವೇ ಬಿಲ್ಲೆಗಳ ಡಬ್ಬಿ ಅವನ ಕೈಯಲ್ಲಿತ್ತು.

"ನೆನೆಹಾಕ್ಬಾರ್ದು. ಬಿಸಿಲಿಗೆ ಇಡ್ಬಾರ್ದು. ಉಗುರುಬೆಚ್ಚಗಿನ ನೀರು, ಒಂದು ಹನಿ ಶಾಂಪೂ, ಮೆತ್ತಗಿನ ಬ್ರಶ್ಶು. ಕೂಡ್ಲೇ ಒರೆಸ್ಬೇಕು. ಕೊನೆಗೆ ಬಣ್ಣ ಎದ್ದು ಬರ್ಲಿಕ್ಕೆ ಒಂದು ಹನಿ ಬೇಬಿ ಆಯಿಲ್. ಆದ್ರೆ ಬಂಗಾರದ ಅಕ್ಷರಕ್ಕೆ ಬ್ರಶ್ ತಾಗಿಸಿದ್ರೋ..." ಸಾಹೇಬರು ಡಬ್ಬಿಯ ಮುಚ್ಚಳ ಇನ್ನೊಮ್ಮೆ ಒತ್ತಿದರು. "ನಾಳೆ ಸಂಜೆ ಮನೆಗೇ ತನ್ನಿ. ನಿಮ್ಮ ವರ್ಗಾವಣೆ ವಿಷಯ ಆಗಲೇ ಮಾತಾಡುವ."

ಭಾನುವಾರ ಬೆಳಿಗ್ಗೆ ಲಕ್ಷ್ಮೀಕಾಂತ ಚಾಳಿನ ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂತ. ಮೊದಲ ಬಿಲ್ಲೆ ಬೂದುಬಣ್ಣದ ನೊರೆ ಬಿಟ್ಟಿತು. ಒರೆಸಿ ನೋಡಿದರೆ, ಕಂದು ಎಂದುಕೊಂಡಿದ್ದು ಅಪ್ಪಟ ಕುಂಕುಮದ ಕೆಂಪು. ಅಂಚಿನಲ್ಲಿ ಕೆನೆಬಣ್ಣದ ಆರು ಪಟ್ಟಿಗಳು. ಮೂಸಿದ. ಹಳೆಯ ಚುಟ್ಟಾದ ವಾಸನೆ. ಇದನ್ನು ಯಾವ ದೇಶದ ಯಾವ ಮನುಷ್ಯ ಮುಂದೆ ತಳ್ಳಿದನೋ! ಗೆದ್ದನೋ, ಇಲ್ಲ ಮನೆಗೆ ಹೋಗಲು ತಿಕೀಟಿಗೂ ಗತಿಯಿಲ್ಲದೆ ಎದ್ದನೋ! ಆ ಕುತೂಹಲದಲ್ಲಿ ಎರಡನೆಯದು, ಹತ್ತನೆಯದು, ಇಪ್ಪತ್ತನೆಯದು ತೊಳೆದ. ಬಚ್ಚಲಿನ ಸಾಲಿನಲ್ಲಿ ತನ್ನ ಪಾಳಿ ತಪ್ಪಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಪಕ್ಕದ ಖೋಲಿಯ ಕಾಶವ್ವ ಬಂದು ನಿಂತಳು. ಚಾಳಿನ ಯಾರ ಮನೆಯಲ್ಲಿ ಏನು ಬೇಯುತ್ತಿದೆಯೆಂದು ಮೂಗಿನಿಂದಲೇ ಹೇಳಬಲ್ಲ ಮುದುಕಿ ಅವಳು.

"ಏನಪಾ ಇವು? ಬಿಸ್ಕೀಟೇನು?"

"ಅಲ್ಲತ್ತಿ, ಮಣ್ಣಿನ ಬಿಲ್ಲಿ. ತೊಳೀಲಿಕ್ಹತ್ತೀನಿ."

"ಮಣ್ಣ ಯಾರರ ತೊಳೀತಾರೇನೋ? ತೊಳದ ಮ್ಯಾಲ ಉಳಿಯೂದರ ಏನು?"

ಅಷ್ಟರಲ್ಲಿ ಕೆಳಗಿನ ಮಾಳಿಗೆಯ ಮುಂಡಪ್ಪ ಮೆಟ್ಟಿಲೇರಿ ಬಂದ. ಅವನು ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್. ಗುಟ್ಟು ಹೇಳಿದರೂ ಅಡುಗೆಮನೆಗೆ ಆರ್ಡರ್ ಕೂಗಿದ ಹಾಗೇ ಇರುತ್ತಿತ್ತು.

"ಇದು ಜೂಜಿನ ಬಿಲ್ಲೆ ಅಲ್ವಾ ಮಾರಾಯ್ರೆ! ನಿಮ್ಮಲ್ಲಿ ಯಾವಾಗಿನಿಂದ ಶುರು?"

ಐದು ನಿಮಿಷದಲ್ಲಿ ಗ್ಯಾಲರಿ ಸಂಜೆಯ ಕಲ್ಯಾಣ ಲೋಕಲ್ ರೈಲಿನ ಡಬ್ಬಿಯಂತಾಯಿತು. ಆಟ ಎಷ್ಟು ಹೊತ್ತಿಗೆ ಎಂದು ಒಬ್ಬ ಕೇಳಿದ. ಪೋಲೀಸರು ಬಂದರೆ ಚಾಳಿಗೇ ಕೆಟ್ಟ ಹೆಸರು ಎಂದು ಇನ್ನೊಬ್ಬ ರೇಗಿದ. ಬಿಲ್ಲೆಗಳು ಕೈಯಿಂದ ಕೈಗೆ ಹೋದವು. ಮಾಲಾ ಸೌಟು ಹಿಡಿದೇ ಹೊರಗೆ ಬಂದಳು.

"ಇವರಿಗೆ ಎಕ್ಕಾ ಯಾವುದು, ಗುಲಾಮ ಯಾವುದು ಅನ್ನೂದೂ ತಿಳಿಯಂಗಿಲ್ಲ. ಇವರೇನು ಜೂಜ ಆಡಸ್ತಾರ? ಸಾಹೇಬರ ಸಾಮಾನದು, ಇಡ್ರಿ ಕೆಳಗ!"

ಜನ ಕರಗಿದರು. ಎಣಿಸಿದರೆ ಮೂವತ್ತೊಂಬತ್ತು.

ನಲವತ್ತನೆಯದನ್ನು ಕಾಶವ್ವ ನಲ್ಲಿಯ ಕಡೆಯಿಂದ ಸೆರಗಿನಲ್ಲಿ ಒರೆಸುತ್ತ ತಂದಳು. "ನೀ ಕೂಸಿನ ಹಲ್ಲ ತಿಕ್ಕಿಧಂಗ ತಿಕ್ಕತಿದ್ದಿ. ನಾ ಹುಣಸಿಹಣ್ಣು, ಬೂದಿ ಹಾಕಿ ಎರಡೂ ಕಡೆ ತಿಕ್ಕೀನಿ ನೋಡು. ಹಳದಿ ಏನೋ ಅಂಟಿತ್ತು, ಅದೂ ಹೋತು!"

ಬಂಗಾರದ ಅಕ್ಷರವಿದ್ದ ಜಾಗ ಬೋಳು ತಲೆಯಂತೆ ನುಣ್ಣಗಾಗಿತ್ತು. ಲಕ್ಷ್ಮೀಕಾಂತನಿಗೆ ಅಳುವೇ ಬಂತು. ಆದರೆ ಮುದುಕಿಯ ಮುಖದಲ್ಲಿದ್ದ ಹೆಮ್ಮೆ ನೋಡಿ, "ಭಾಳ ಉಪಕಾರ ಆತತ್ತಿ," ಎಂದ.

ಗದ್ದಲ ಎಬ್ಬಿಸಿದವನು ತಾನೇ ಎಂದು ಮುಂಡಪ್ಪನ ಮನಸ್ಸು ಚುಚ್ಚುತ್ತಿತ್ತು. "ಹೆದರ್ಬೇಡಿ. ಉಲ್ಹಾಸನಗರದಲ್ಲಿ ಲಗ್ನಪತ್ರಿಕೆ ಮಾಡುವ ಒಬ್ಬ ನನಗೆ ಗೊತ್ತುಂಟು. ಬಂಗಾರದ ಅಕ್ಷರ ಒತ್ತುವುದೇ ಅವನ ಕೆಲಸ."

ಉಳಿದವನ್ನೆಲ್ಲ ತೊಳೆದು, ಎಣ್ಣೆ ಸವರಿ ಡಬ್ಬಿಗೆ ತುಂಬಿ, ಮಧ್ಯಾಹ್ನ ಇಬ್ಬರೂ ಗಾಡಿ ಹತ್ತಿದರು. ಮದುವೆಯ ಸೀಸನ್ನು, ಭಾನುವಾರವಾದರೂ ಪ್ರೆಸ್ಸು ತೆರೆದಿತ್ತು, ಯಂತ್ರ ಕಾದಿತ್ತು. ಬಿಲ್ಲೆಯ ಮೇಲೆ ಮೊದಲಿದ್ದ ಹಾಗೆ ಇಪ್ಪತ್ತೈದು ಎಂಬ ಅಂಕಿ ಬರಬೇಕೆಂದು ಲಕ್ಷ್ಮೀಕಾಂತ ಮೂರು ಸಲ ಹೇಳಿದ. ಪ್ರೆಸ್ಸಿನವನು "ಟೆನ್ಶನ್ ಮತ್ ಲೋ ಸಾಯಿಂ," ಎಂದು ಧೈರ್ಯ ಹೇಳುತ್ತ, ಯಾರದೋ ಜೊತೆ ಫೋನಿನಲ್ಲಿ ಜಗಳಾಡುತ್ತಲೇ ಹಿಡಿ ಎಳೆದ.

ಬಿಲ್ಲೆ ಹೊರಬಂತು. ಅದರ ಮೇಲೆ ಬಂಗಾರದ ಗಣಪತಿ ಕೂತಿದ್ದ. ಬೆಳಗಿನ ಲಗ್ನಪತ್ರಿಕೆಯ ಅಚ್ಚು ಯಂತ್ರದಲ್ಲೇ ಉಳಿದಿತ್ತು.

"ದೂಸರೀ ಬಾಜೂ ಭೀ ಮಾರ್ ದೂಂ?" ಎಂದು, ಇನ್ನೊಂದು ಬದಿಗೂ ಒತ್ತಲು ಹಿಡಿಗೆ ಕೈಹಾಕಿದ ಪ್ರೆಸ್ಸಿನವನು.

ಮುಂಡಪ್ಪ ಬಿಲ್ಲೆಗೆ ಕೈಮುಗಿದ. "ಇನ್ನು ಇದನ್ನು ಉಜ್ಜಿ ತೆಗೆಯುವುದು ಹೇಗೆ ಮಾರಾಯ್ರೆ? ದೇವರಲ್ವಾ?"

ಠಾಣೆಯವರೆಗೆ ಲಕ್ಷ್ಮೀಕಾಂತ ಒಬ್ಬನೇ ಕ್ಷಮೆಯ ಮಾತುಗಳನ್ನು ಉರುಹೊಡೆಯುತ್ತ ಹೋದ. ಆಡಲು ಅವಕಾಶವೇ ಸಿಗಲಿಲ್ಲ. ಕುಶಲ ಶೆಟ್ಟರು ಆಗಲೇ ಭೂತಗನ್ನಡಿ ಹಿಡಿದು ಕೂತಿದ್ದರು. ಡಬ್ಬಿ ತೆರೆಯಿತು. ಬಣ್ಣಗಳು ಹೊಳೆದವು. ಸಾಹೇಬರ ಮುಖವೂ ಹೊಳೆಯಿತು. ಶೆಟ್ಟರ ಕೈ ಒಂದೊಂದೇ ದಾಟಿ ಗಣಪತಿಯ ಹತ್ತಿರ ನಿಂತಿತು.

"ಮುರಾರಿಯವ್ರೆ, ಇದು ಎಲ್ಲಿಯದ್ದು? ಮೂವತ್ತು ವರ್ಷದಲ್ಲಿ ನಾನು ಕಂಡದ್ದಿಲ್ಲ!"

ಗೊತ್ತಿಲ್ಲ ಎಂಬ ಮಾತು ಮುರಾರಿ ಸಾಹೇಬರ ಬಾಯಿಂದ ಇದುವರೆಗೆ ಬಂದದ್ದಿಲ್ಲ. "ಅದು... ಕಾಠ್ಮಂಡುವಿನದ್ದು," ಎಂದರು. ಕಾಠ್ಮಂಡುವಿಗೆ ಯಾವ ಹಡಗು ಹೋಗುತ್ತದೆಂದು ಯಾರೂ ಕೇಳಲಿಲ್ಲ.

"ಸಾಹೇಬ್ರ, ಅದು ಏನಾತಂದ್ರ..." ಎಂದು ಲಕ್ಷ್ಮೀಕಾಂತ ಬಾಯಿ ತೆರೆದ. ಮೇಜಿನ ಕೆಳಗೆ ಸಾಹೇಬರ ಪಾದ ಅವನ ಪಾದದ ಮೇಲೆ ಬಿತ್ತು; ಶೆಟ್ಟರು ಏಳುವವರೆಗೂ ಕದಲಲಿಲ್ಲ. ತಮ್ಮ ಸಂಗ್ರಹದ ಎರಡು ಅಪರೂಪದ ಬಿಲ್ಲೆಗಳನ್ನು ಕೊಟ್ಟು, ಗಣಪತಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶೆಟ್ಟರು ಹೊರಟರು.

ಬಾಗಿಲು ಹಾಕಿದ ಮೇಲೆ ಲಕ್ಷ್ಮೀಕಾಂತ ಎಲ್ಲವನ್ನೂ ಹೇಳಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಪಾಟಿನಿಂದ ಒಂದು ಕಾಗದ ತೆಗೆದರು. ಬೇಲಾಪುರದ ವರ್ಗಾವಣೆಯ ಆದೇಶ, ಸಹಿಯೂ ಬಿದ್ದಿತ್ತು. ಅದನ್ನು ಅವನೆದುರೇ ಎರಡು ತುಂಡು ಮಾಡಿದರು.

"ತಪ್ಪಾತ್ರಿ ಸಾಹೇಬ್ರ! ಇದೊಂದ್ಸಲ ಹೊಟ್ಟ್ಯಾಗ ಹಾಕ್ಕೋರಿ!"

"ತಪ್ಪು ಯಾರು ಹೇಳಿದ್ದು?" ಸಾಹೇಬರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟರು. "ಶೆಟ್ರಿಗೆ ಇದೇ ನಮೂನೆಯದ್ದು ಹಸಿರು, ನೀಲಿ, ಕಪ್ಪಿನಲ್ಲೂ ಬೇಕಂತೆ. ಶಹಾಡಿನ ಗೇಟಿನಿಂದ ಉಲ್ಹಾಸನಗರಕ್ಕೆ ರಿಕ್ಷಾದಲ್ಲಿ ಹತ್ತು ನಿಮಿಷ. ಬೇಲಾಪುರಕ್ಕೆ ಕಳಿಸಿದ್ರೆ ನೀವು ಅಲ್ಲಿಗೆ ಹೋಗಿ ಬರುವುದು ಯಾವಾಗ ಮಾರಾಯ್ರೆ?"