ಬಾಯ್ಲರ್ ಮೇಸ್ತ್ರಿಯ ಮೈ ರಿಪೇರಿ

ಹೆಂಡತಿ: ರೀ, ಆ ಪೌಡರ್ ಡಬ್ಬಿ ಇಲ್ಲಿ ಕೊಡಿ! ಮುಖ ಸುಣ್ಣ ಹೊಡೆದ ಗೋಡೆ ಥರ ಆಗಿದೆ.

ಮೇಸ್ತ್ರಿ: ಸುಮ್ನಿರೇ. ಹಣೆಯಲ್ಲಿ ಲೀಕ್ ಆಗ್ತಿದೆ, ಬಂದ್ ಮಾಡ್ತಿದೀನಿ.

ಹೆಂಡತಿ: ಲೀಕ್ ಅಲ್ಲ ರೀ, ಅದು ಬೆವರು!

ಮೇಸ್ತ್ರಿ: ಬಾಯ್ಲರ್ ಮೇಲೆ ಒಂದು ಹನಿ ಕಂಡ್ರೆ ಊಟ ಬಿಟ್ಟು ಓಡೋನು ನಾನು. ನನ್ನ ಮೈಯೇ ಸೋರ್ತಿದ್ರೆ ನೋಡ್ಕೊಂಡು ಕೂರ್ಲಾ?

ಜಗಳ ನಡೆಯುತ್ತಿದ್ದದ್ದು ದೊಡ್ಡದೊಂದು ಲಾಂಡ್ರಿಯಲ್ಲಿ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ. ಅಲ್ಲಿ ಒಗೆಯಲು ನೀರು ಕಾಯಿಸುವ ಬಾಯ್ಲರಿಗೂ ಮೇಸ್ತ್ರಿಗೂ ಎಂಥ ನಂಟೆಂದರೆ, ಅದಕ್ಕೆ ಶೀತವಾದರೆ ಇವರು ಸೀನುತ್ತಿದ್ದರು. ಈಗ ನಿವೃತ್ತಿಯ ವಯಸ್ಸು. ‘ಮೈ ಗಟ್ಟಿಯಿದೆ’ ಎಂದು ಡಾಕ್ಟರಮ್ಮ ಬರೆದುಕೊಟ್ಟರೆ ಇನ್ನೊಂದು ವರ್ಷ ಕೆಲಸ, ಇಲ್ಲವಾದರೆ ನಾಳೆಯಿಂದಲೇ ಮನೆ. ಆ ಭಯಕ್ಕೆ, ಡಾಕ್ಟರಮ್ಮ ಮೊದಲ ಸಲ ಕೈ ಹಿಡಿದು ನೋಡಿದಾಗ ಮೇಸ್ತ್ರಿಯ ನಾಡಿ ಲಗಾಮು ಕಿತ್ತ ಕುದುರೆಯಾಗಿತ್ತು. “ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಿ, ಮತ್ತೆ ನೋಡ್ತೀನಿ” ಎಂದು ಅವರು ಹೊರಗೆ ಕಳಿಸಿದ್ದರು. ಮೇಸ್ತ್ರಿ ಸುಧಾರಿಸಿಕೊಳ್ಳುವ ಬದಲು ರಿಪೇರಿಗೆ ಇಳಿದಿದ್ದರು.

ಹೆಂಡತಿ: ಬಂದು ಕೂತಿದ್ದೇ ಐಸ್ ನೀರು ಗಟಗಟ ಅಂತ ಯಾಕೆ ಕುಡಿದ್ರಿ?

ಮೇಸ್ತ್ರಿ: ಒಳಗೆ ಬಿಸಿ ಏರಿತ್ತು, ಇಳಿಸೋಣ ಅಂತ. ಈ ಮೈ ನೋಡು, ಗಡಗಡ ನಡುಗೋಕೆ ಶುರು ಮಾಡ್ತು!

ಹೆಂಡತಿ: ಚಳಿಯಾದ್ರೆ ನಡುಗಿ ತಾನೇ ಬಿಸಿ ಮಾಡ್ಕೊಳ್ಳುತ್ತೆ.

ಮೇಸ್ತ್ರಿ: ನನ್ನ ಕೇಳ್ದೆ? ಅದಕ್ಕೇ ನಿನ್ನ ಶಾಲು ಸುತ್ಕೊಂಡೆ.

ಹೆಂಡತಿ: ಸೆಕೆಯಾಗಿ ಬೆವರು ಕಿತ್ಕೊಂಡು ಬಂತು. ಸರಿಯಾಗೇ ಆಯ್ತು.

ಮೇಸ್ತ್ರಿ: ಸೋರಿದ್ದನ್ನ ತುಂಬಿಸೋಣ ಅಂತ ಒಂದು ಕೂಜ ನೀರು ಕುಡಿದೆ ಕಣೇ.

ಹೆಂಡತಿ: ಕಾಲು ಕುಣಿಸ್ತಿರೋದು ಅದಕ್ಕೇನಾ? ಎದ್ದು ಹೋಗ್ಬನ್ನಿ.

ಮೇಸ್ತ್ರಿ: ಕಷ್ಟಪಟ್ಟು ತುಂಬಿಸಿದ್ದನ್ನ ಯಾಕೆ ಬಿಡ್ಲಿ? ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತು ನನ್ನ ಪಾಡು!

ಹೆಂಡತಿ: ಇದರಲ್ಲಿ ಕೋಣ ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?

ಮೇಸ್ತ್ರಿ ಇನ್ನೂ ಒಂದು ಗಳಿಗೆ ಹಟ ಹಿಡಿದರು. ಆಮೇಲೆ ಬಚ್ಚಲಿಗೆ ಓಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹಾರಿ ಮುಂದಿನ ತಿಂಗಳು ಕಂಡಿತು. ತಿರುಗಿ ಬಂದವರು ಕಣ್ಣು ಮುಚ್ಚಿ, ತಿದಿ ಒತ್ತಿದಂತೆ ಎದೆ ಉಬ್ಬಿಸಿ ಇಳಿಸತೊಡಗಿದರು.

ಹೆಂಡತಿ: ಇದೇನು ಹೊಸ ಅವತಾರ?

ಮೇಸ್ತ್ರಿ: ಮಾತಾಡಿಸ್ಬೇಡ. ಉಸಿರಾಟ ನಾನೇ ನಡೆಸ್ತಿದೀನಿ. ಮರೆತ್ರೆ ನಿಂತುಹೋಗುತ್ತೆ.

ಹೆಂಡತಿ: ನಿದ್ದೆಯಲ್ಲಿ ಯಾರು ನಡೆಸ್ತಾರೆ, ನಮ್ಮಪ್ಪ ಬಂದು ನಡೆಸ್ತಾರಾ? ಅದೂ ಬೀದಿಗೆಲ್ಲ ಕೇಳೋ ಗೊರಕೆ ಬೇರೆ!

ಮೇಸ್ತ್ರಿ: ಗೊರಕೆನಾ? ನಾನಾ? ಗೊರಕೆ ಹೊಡೆಯೋಳು ನೀನು!

ಹೆಂಡತಿ: ನಿಮ್ಮ ಗೊರಕೆ ಕೇಳಿ ಪಕ್ಕದ ಮನೆಯವರು ಸೈರನ್ ಆಯ್ತು ಅಂತ ಬುತ್ತಿ ಕಟ್ಕೊಂಡು ಕೆಲಸಕ್ಕೆ ಹೊರಟಿದ್ರು!

ಮೇಸ್ತ್ರಿ: ನಿನ್ನ ಗೊರಕೆಗೆ ನಮ್ಮ ಬೆಕ್ಕೇ ಮನೆ ಬದಲಾಯಿಸ್ತು!

ಹೆಂಡತಿ: ಬೆಕ್ಕು ಹೋಗಿದ್ದು ನೀವು ಅದರ ಮೂಗಿಗೆ ಥರ್ಮಾಮೀಟರ್ ಹಿಡಿದಿದ್ದಕ್ಕೆ!

ಜಗಳ ಹದಕ್ಕೆ ಬಂದಿತ್ತು. ಡಾಕ್ಟರಮ್ಮ ಯಾವಾಗ ಬಂದು ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸಿದರು, ಯಾವಾಗ ಮಣಿಕಟ್ಟು ಹಿಡಿದರು, ಇಬ್ಬರಿಗೂ ತಿಳಿಯಲಿಲ್ಲ.

ಡಾಕ್ಟರಮ್ಮ: ನಾಡಿ ಸರಿಯಿದೆ. ಬಿಸಿಯೂ ಸರಿಯಿದೆ.

ಮೇಸ್ತ್ರಿ: ಅದ್ಹೇಗಮ್ಮ? ನಾನು ಏನೂ ಮಾಡ್ಲೇ ಇಲ್ವಲ್ಲ!

ಡಾಕ್ಟರಮ್ಮ: ಅದಕ್ಕೇ ಸರಿಹೋಯ್ತು. ಮೈ ತನ್ನ ಹದ ತಾನೇ ಕಾಯ್ಕೊಳ್ಳುತ್ತೆ ಯಜಮಾನ್ರೇ, ನೀವು ಅಡ್ಡಗಾಲು ಹಾಕ್ತಿದ್ರಿ ಅಷ್ಟೇ. ಆದ್ರೆ ಜಗಳ ಆಡ್ತಾ ಆಡ್ತಾ ನಾಡಿ ಇಳಿದಿದ್ದು ನಾನು ನೋಡಿದ್ದು ಇದೇ ಮೊದಲು.

ಹೆಂಡತಿ: ಅಭ್ಯಾಸ, ಡಾಕ್ಟರಮ್ಮ.

ಮೇಸ್ತ್ರಿಯ ಮುಖ ಬಾಡಿತು. ಇಷ್ಟು ವರ್ಷ ತಮ್ಮ ಉಸ್ತುವಾರಿಯೇ ಇಲ್ಲದೆ ಒಳಗೆ ಒಂದು ಕಾರ್ಖಾನೆ ನಡೆದಿತ್ತಲ್ಲ!

ಡಾಕ್ಟರಮ್ಮ: ಇನ್ನೊಂದು ವರ್ಷ ಕೆಲಸ ಮಾಡ್ಬಹುದು ಅಂತ ಬರೀತೀನಿ. ಆದ್ರೆ ನಿಮ್ಮ ರಿಪೇರಿ ಎಲ್ಲ ಬಾಯ್ಲರಿಗೆ ಮಾತ್ರ. ಮನೆಗೆ ಹೋದ್ಮೇಲೆ ಏನೂ ಮಾಡ್ಬಾರದು. ಆಗುತ್ತಾ?

ಮೇಸ್ತ್ರಿ: ಏನೂ ಮಾಡದೆ ಇರೋದು ನನ್ನಂಥೋನಿಗೆ ಕಷ್ಟ ಅಮ್ಮ.

ಹೆಂಡತಿ: ನಂಬ್ಬೇಡಿ ಡಾಕ್ಟರಮ್ಮ! ಮನೇಲಿ ಆ ಕೆಲಸನ ಮದುವೆ ಆದಾಗಿನಿಂದ ಒಂದಿನ ರಜಾ ಹಾಕ್ದೆ ಮಾಡ್ಕೊಂಡು ಬಂದಿದ್ದಾರೆ!