ಅಕ್ಕಲದಾಡಿ ಮತ್ತು ದಸ್ತಗೀರನ ಔಷಧ

ಮನುಷ್ಯನ ಬಾಯಲ್ಲಿ ಇಪ್ಪತ್ತೆಂಟು ಹಲ್ಲುಗಳು ಚಿಕ್ಕಂದಿನಿಂದಲೇ ದುಡಿಯುತ್ತವೆ. ಉಳಿದ ನಾಲ್ಕು ಬುದ್ಧಿಹಲ್ಲುಗಳು ಮಾತ್ರ, ದೊಡ್ಡವರ ಶಿಫಾರಸಿನಿಂದ ನೌಕರಿಗೆ ಸೇರಿದವರ ಹಾಗೆ, ತಡವಾಗಿ ಬಂದು ಪಕ್ಕದವರಿಗೆ ಒರಗಿ ಕೂರುತ್ತವೆ. ನನ್ನ ಎಡಗಡೆಯ ಅಕ್ಕಲದಾಡಿ ವಸಡಿನೊಳಗೆ ಅಡ್ಡ ಮಲಗಿಕೊಂಡೇ ಮುಂದಿನ ಹಲ್ಲನ್ನು ತಳ್ಳತೊಡಗಿದಾಗ, ಗಲ್ಲ ಬಾತು ಬಾಯಿ ಬೆರಳಿನಷ್ಟೂ ತೆರೆಯದಾಯಿತು. "ಮನಿಯಾಗ ಇಷ್ಟು ಶಾಂತಿ ಎಂದೂ ಇದ್ದಿಲ್ರಿ" ಎಂದು ನನ್ನ ಹೆಂಡತಿ ನಾವಿದ್ದ ಸಡಾ ಗುಡ್ಡದ ಅರ್ಧ ಮನೆಗಳಿಗೆ ಹೇಳಿಕೊಂಡು ಬಂದಳು.

ಅದು ಎಂಬತ್ತರ ದಶಕ. ನಾನು ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಗುಮಾಸ್ತ. ವಿಜಾಪುರ ಕಡೆಯ ದಸ್ತಗೀರ ಅದಿರು ತುಂಬುವ ತಂಡದ ಮುಕಾದಮ. "ಡಾಕ್ಟರ್ ಯಾಕ್ರಿ ಸಾಹೇಬ್ರ? ಸುಣ್ಣ ಹಚ್ಚಿದ ತಂಬಾಕು ಹಲ್ಲಿನ ಬುಡಕ್ಕ ಇಡ್ರಿ, ನೋವು ತಾನ ಸಾಯ್ತದ" ಎಂದು ಅಂಗೈಯಲ್ಲಿ ತಿಕ್ಕಿ ಕೊಟ್ಟ. ನೋವು ಸತ್ತಿತು. ಕೃತಜ್ಞತೆಯಿಂದ ನಾನು ಆ ಔಷಧವನ್ನು ಆರು ವರ್ಷ ಮುಂದುವರಿಸಿದೆ. ದಸ್ತಗೀರನಿಗಂತೂ ಹಲ್ಲುನೋವೇ ಇರಲಿಲ್ಲ. ಅವನು ಇಪ್ಪತ್ತು ವರ್ಷದಿಂದ ಇಡುತ್ತಿದ್ದುದು ಮುಂಜಾಗ್ರತೆಗಾಗಿ.

ಏಳನೆಯ ವರ್ಷ ಗಲ್ಲ ಮತ್ತೆ ಬಾತಿತು, ಔಷಧ ನಾಟಲಿಲ್ಲ. ಧೈರ್ಯಕ್ಕೆಂದು ದಸ್ತಗೀರನನ್ನೇ ಕರೆದುಕೊಂಡು ವಾಸ್ಕೋದ ದಂತವೈದ್ಯರಲ್ಲಿಗೆ ಹೋದೆ. ಅಡ್ಡ ಹಲ್ಲಿನ ಸಂದಿಯಲ್ಲಿ ಅನ್ನ ಕೊಳೆತು ಕೀವಾಗುತ್ತದೆ, ಪಕ್ಕದ ಹಲ್ಲಿನ ಬೇರೂ ಹಾಳಾಗುತ್ತದೆ, ಆದ್ದರಿಂದ ವಸಡು ಕೊಯ್ದು ಹಲ್ಲನ್ನು ತುಂಡುಮಾಡಿ ತೆಗೆಯಬೇಕು ಎಂದು ಅವರು ಹಿಂದಿಯಲ್ಲಿ, ಬಂಗಡೆ ಮೀನು ಹೆಚ್ಚುವುದನ್ನು ವಿವರಿಸುವಷ್ಟು ಸಲೀಸಾಗಿ ಹೇಳುತ್ತಿದ್ದರು. ಪುಟ್ಟ ಕನ್ನಡಿಯನ್ನು ಗಲ್ಲದೊಳಗೆ ಹೊರಳಿಸಿದವರು ಥಟ್ಟನೆ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ತಂಬಾಕು ಕೂರುವ ಜಾಗದಲ್ಲಿ ಬಿಳಿ ಮಚ್ಚೆ. ಹಲ್ಲಿನ ಜೊತೆಗೇ ಅದರ ಚೂರನ್ನೂ ಕತ್ತರಿಸಿ, ಕ್ಯಾನ್ಸರೋ ಏನೋ ಎಂದು ಪರೀಕ್ಷೆಗೆ ಕಳಿಸಬೇಕಂತೆ.

ನನ್ನ ಮುಖ ಕಂಡು ದಸ್ತಗೀರ ಬಾಯ್ತುಂಬ ನಕ್ಕ. "ಒಂದು ಹಲ್ಲಿಗಿ ಇಷ್ಟು ಅಂಜತೀರಲ್ರಿ ಸಾಹೇಬ್ರ!"

ಆ ತೆರೆದ ಬಾಯನ್ನು ವೈದ್ಯರು ನೋಡಿದರು. ಕುರ್ಚಿ ತೋರಿಸಿದರು.

"ನನಗ್ಯಾಕ್ರಿ? ನನಗ ನೋವ ಇಲ್ಲ."

ನೋವಿಲ್ಲದ್ದನ್ನೇ ಮೊದಲು ನೋಡಬೇಕು ಎಂದರು ವೈದ್ಯರು.

ನನ್ನ ಹಲ್ಲು ತೆಗೆದರು; ಇಬ್ಬರ ಬಾಯಿಯ ಚೂರುಗಳೂ ಒಂದೇ ದಿನ ಪರೀಕ್ಷೆಗೆ ಹೋದವು. ಎಂಟು ದಿನ ನಾನು ಮನಸ್ಸಿನಲ್ಲೇ ನನ್ನ ಅಂತ್ಯಯಾತ್ರೆ ಹೊರಡಿಸಿದೆ. ಯಾರ್ಯಾರು ಅಳಲಿಲ್ಲವೆಂದೂ ಗುರುತು ಹಾಕಿಕೊಂಡೆ. ದಸ್ತಗೀರ ಹಡಗು ತುಂಬಿಸಿದ. ಒಂಬತ್ತನೆಯ ದಿನ ನನ್ನದು ನಿರುಪದ್ರವಿ, ತಂಬಾಕು ಬಿಟ್ಟರೆ ಸಾಕು ಎಂದು ಬಂತು. ಅವನದು ಹಾಗೆ ಬರಲಿಲ್ಲ.

ಪಣಜಿ ಕಡೆಯ ಆಸ್ಪತ್ರೆಯಲ್ಲಿ ಅವನ ಕೆಳದವಡೆಯ ಅರ್ಧ ತೆಗೆದರು. ನೋಡಲು ಹೊರಟವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಮಾಧಾನದ ಎರಡು ಮಾತು ಬಾಯಿಪಾಠ ಮಾಡಿದೆ; ಹಾಸಿಗೆಯ ಮುಂದೆ ಒಂದೂ ನೆನಪಾಗಲಿಲ್ಲ. ಮೂಗಿನಲ್ಲಿ ನಳಿಗೆ, ಮುಖದ ತುಂಬ ಪಟ್ಟಿ. ಅವನಿಗೆ ಮಾತಾಡಲು ಬರುತ್ತಿರಲಿಲ್ಲ. ಅವನು ನಿಧಾನವಾಗಿ ಕೈಯೆತ್ತಿ ನನ್ನ ಗಲ್ಲದ ಕಡೆ ಬೆರಳು ಮಾಡಿ, ಹೆಂಗದ ಎಂದು ಹುಬ್ಬಿನಲ್ಲೇ ಕೇಳಿದ.

ಚಲೋ ಅದ ಎಂದಿದ್ದರೆ ಮುಗಿಯುತ್ತಿತ್ತು. ನಾನು ಕಾಲು ತಾಸು ಹೇಳಿದೆ: ಹೊಲಿಗೆ ಹಾಕಿದ್ದ ಜಾಗ ಹೇಗೆ ಇನ್ನೂ ಜಗ್ಗುತ್ತದೆ, ರೊಟ್ಟಿ ಹೇಗೆ ಅಗಿಯಲಾಗುವುದಿಲ್ಲ, ಹೆಂಡತಿಗೆ ಹೇಗೆ ಕರುಣೆಯಿಲ್ಲ ಎಂದು. ದಸ್ತಗೀರ ಕೊನೆಯವರೆಗೂ ಕೇಳಿದ. ಆಮೇಲೆ ಪಾಪ ಅನ್ನುವ ಹಾಗೆ ನನ್ನ ಕೈ ತಟ್ಟಿದ.