ಹಿತ್ತಾಳೆ ಬೋಗುಣಿಯ ಬಿಸಿನೀರು

ನನಗೆ ವಿನಯ ಸ್ವಲ್ಪ ಜಾಸ್ತಿ ಎಂದು ನಾನು ಬಹಳ ವರ್ಷ ನಂಬಿದ್ದೆ. ರಾಯಚೂರಿನಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು ನಾನು. ಮೆತ್ತಗೆ ಮಾತಾಡುವುದು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು, ಹೊಗಳಿದರೆ ನೆಲ ನೋಡುವುದು, ಎಲ್ಲವನ್ನೂ ಅಲ್ಲೇ ಕಲಿತೆ. ಸಣ್ಣಪುಟ್ಟದ್ದನ್ನು ಗಮನಿಸುವ ಕಣ್ಣು ಇದೆ ಎಂದು ಸಿಸ್ಟರೊಬ್ಬರು ಹೇಳಿದ್ದರು. ಆ ಮಾತನ್ನು ಮದುವೆಯಾಗಿ ತೆಲಂಗಾಣದ ಮಕ್ತಲಿಗೆ ಬರುವಾಗ ಸೀರೆಗಳ ಜೊತೆ ಜೋಪಾನವಾಗಿ ಮಡಚಿ ತಂದಿದ್ದೆ. ನಾವು ಗುಡಿ ಎನ್ನುವ ನಮ್ಮ ಚರ್ಚಿನ ಪೀಠದ ಬಟ್ಟೆಯಲ್ಲಿ ಒಂದು ಸುಕ್ಕಿದ್ದರೂ ನನಗೆ ಕೊನೆಯ ಬೆಂಚಿನಿಂದ ಕಾಣುತ್ತದೆ. ಮನೆಯೊಳಗೆ ಮಾತ್ರ ಈ ಕಣ್ಣು ರಜೆಯಲ್ಲಿರುತ್ತದೆ ಎನ್ನುವುದು ಗೊತ್ತಾದದ್ದು ಈ ಸಲದ ಪವಿತ್ರ ಗುರುವಾರ.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಈಚಲು ಗರಿ ಯಾರು ತರುತ್ತೀರಿ ಎಂದು ಫಾದರ್ ಸಭೆಯಲ್ಲಿ ಕೇಳಿದಾಗ, ಎಲ್ಲರಿಗಿಂತ ಮೊದಲು ಎದ್ದು ‘ನಾವು ತರುತ್ತೇವೆ’ ಎಂದವಳು ನಾನು. ‘ನಾವು’ ಎಂದರೆ ನಮ್ಮ ಅತ್ತೆ. ಅವರ ತವರು ದಾಮರಗಿದ್ದದ ಕಡೆ. ಅಲ್ಲಿಯ ಹಳ್ಳದ ದಂಡೆಯಲ್ಲಿ ಈಚಲು ಬೆಳೆದಿದೆ. ಶನಿವಾರ ಬೆಳಿಗ್ಗೆ ಅವರೊಬ್ಬರೇ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ತಲೆಯ ಮೇಲೆ ಹೊರೆ ಇಟ್ಟುಕೊಂಡು ಬಂದರು. ಕಾಲು ಸ್ವಲ್ಪ ಎಳೆಯುತ್ತಿದ್ದರು. ನಾನು ಗಮನಿಸಿದ್ದು ಎರಡು ಗರಿಗಳ ತುದಿ ಒಣಗಿದ್ದನ್ನು. ಅದನ್ನು ಹೇಳಿಯೂ ಹೇಳಿದೆ, ಮೆತ್ತಗೆ.

ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಒಂದೀಟು ನೀರು ಕಾಸಿ ಕೊಡ್ತೀಯೇನವ್ವ? ಹಿಮ್ಮಡದಾಗ ಚುಚ್ಚಾಕತ್ತೈತಿ.” ಗ್ಯಾಸ್ ಒಲೆ ಹಚ್ಚಲು ಅವರಿಗೆ ಭಯ, ಒಮ್ಮೆ ಹಾಲು ಉಕ್ಕಿಸಿ ಒಲೆ ಆರಿಸಿದ್ದಕ್ಕೆ, ಇನ್ನು ಮುಟ್ಟಬೇಡಿ ಎಂದು ಅಪ್ಪಣೆ ಮಾಡಿದವಳೂ ನಾನೇ. ಆಗ ನಾನು ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಈಗ ಬಂದೆ ಅತ್ತಿ ಎಂದೆ. ಬರಲಿಲ್ಲ. ಸೋಮವಾರ ಮತ್ತೆ ಕೇಳಿದರು. ಗುರುವಾರದ ಪೂಜೆಯಲ್ಲಿ ಬೈಬಲ್ ಪಾಠ ಓದುವ ಸರದಿ ನನ್ನದು. ಕನ್ನಡಿಯ ಮುಂದೆ ನಿಂತು ತೆಲುಗು ಉಚ್ಚಾರಣೆ ತಿದ್ದಿಕೊಳ್ಳುತ್ತಿದ್ದೆ. ಮಂಗಳವಾರ ಕೇಳಿದಾಗ ಪಕ್ಕದ ಮನೆಯಿಂದ ಹಿತ್ತಾಳೆ ಬೋಗುಣಿ ತರಲು ಹೊರಟಿದ್ದೆ. ಬುಧವಾರ ಅವರು ಕೇಳಲಿಲ್ಲ. ನೋವು ಹೋಗಿರಬೇಕು ಎಂದುಕೊಂಡು ಆ ದಿನ ಬೋಗುಣಿಗೆ ಹುಣಸೆಹಣ್ಣು ಹಚ್ಚಿ ಮುಖ ಕಾಣುವಂತೆ ಉಜ್ಜಿದೆ.

ಬೋಗುಣಿ ಯಾಕೆ ಎನ್ನುತ್ತೀರೋ? ಪವಿತ್ರ ಗುರುವಾರ ಗುಡಿಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುವುದು ಪದ್ಧತಿ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಈ ವರ್ಷ ಫಾದರ್, ಸಂಜೆ ಗುಡಿಗೆ ಬರುವ ಮೊದಲು ಪ್ರತಿ ಮನೆಯಲ್ಲೂ ಕಿರಿಯರು ಹಿರಿಯರ ಕಾಲು ತೊಳೆಯಿರಿ, ಫೋಟೋ ತೆಗೆದು ಗುಡಿಯ ವಾಟ್ಸಾಪ್ ಗುಂಪಿಗೆ ಹಾಕಿರಿ ಎಂದಿದ್ದರು. ಕಾಲು ತೊಳೆಯುವುದಕ್ಕಿಂತ ಫೋಟೋಕ್ಕೆ ನಾನು ಹೆಚ್ಚು ತಯಾರಿ ಮಾಡಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಾರಾಯಣಪೇಟೆ ಅಂಚಿನ ಸೀರೆ ಉಟ್ಟೆ. ನೀರು ಕಾಸಿ, ಹದ ನೋಡಿ, ಗುಲಾಬಿ ಎಸಳು ಹಾಕಿದೆ. ನಮ್ಮಲ್ಲಿ ಇನ್ನೊಬ್ಬರ ಮುಂದೆ ಕೊಳಕು ಕಾಲು ಚಾಚುವುದು ಮರ್ಯಾದೆಯಲ್ಲ. ಹಾಗಾಗಿ, ತೊಳೆಸಿಕೊಳ್ಳುವ ಮೊದಲು ಬಚ್ಚಲಲ್ಲಿ ಸೋಪು ಹಚ್ಚಿ ಚೆನ್ನಾಗಿ ಕಾಲು ತೊಳೆದುಕೊಂಡು ಬನ್ನಿ ಎಂದು ಅತ್ತೆಗೆ ಎರಡು ಸಲ ಹೇಳಿದೆ. ಇದರಲ್ಲಿ ನಗುವಂಥದ್ದೇನಿದೆ ಎಂದು ಆಗ ಹೊಳೆಯಲೇ ಇಲ್ಲ.

ಅತ್ತೆ ಬಂದು ಕುರ್ಚಿಯ ಮೇಲೆ ಕುಳಿತರು. ಕಾಲಲ್ಲಿ ನನ್ನ ಯಜಮಾನರ ಕಪ್ಪು ಸಾಕ್ಸು. ಏಪ್ರಿಲ್ ಬಿಸಿಲಿನಲ್ಲಿ ಸಾಕ್ಸು! ಬಿಚ್ಚಿರಿ ಅತ್ತಿ ಎಂದೆ. ಒಲ್ಲೆ ಎಂದರು. ಯಜಮಾನರು ಫೋನು ಹಿಡಿದು ನಿಂತಿದ್ದವರು, ಸಾಕ್ಸಿನ ಮೇಲೆಯೇ ನೀರು ಹಾಕು, ದೇವರಿಗೆ ತಿಳಿಯುತ್ತದೆ ಎಂದು ನಕ್ಕರು. ಯೇಸುವಿನ ಶಿಷ್ಯ ಪೇತ್ರನೂ ಮೊದಲು ಹೀಗೇ ಬೇಡವೆಂದು ಹಟ ಮಾಡಿದ್ದ ಎಂದು ನಾನು ಅತ್ತೆಗೆ ಸುವಾರ್ತೆ ಬೋಧಿಸಿದೆ. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ನೀರು ಆರುತ್ತಿತ್ತು, ಎಸಳು ಬಾಡುತ್ತಿತ್ತು. ನಾನೇ ಬಗ್ಗಿ ಎಡಗಾಲಿನ ಸಾಕ್ಸನ್ನು ಎಳೆದೆ.

ಹಿಮ್ಮಡಿ ಊದಿ ಕೆಂಪಗಾಗಿತ್ತು. ಮಧ್ಯದಲ್ಲಿ ಕಪ್ಪಗೆ ಈಚಲು ಮುಳ್ಳಿನ ಮುರಿದ ತುದಿ, ಸುತ್ತ ಕೀವು. ನಾನು ಮಾತಿನಲ್ಲೇ ತಂದ ಗರಿಗಳ ಮುಳ್ಳು ಅದು. ಐದು ದಿನದಿಂದ ಅದರ ಮೇಲೆಯೇ ಅವರು ನಮ್ಮ ಮನೆಯಲ್ಲಿ ನಡೆದಾಡುತ್ತಿದ್ದರು. ನನಗೆ ಕಂಡದ್ದು ಬಟ್ಟೆಯ ಸುಕ್ಕು. ಅತ್ತೆ ಮೆಲ್ಲಗೆ ಕಾಲನ್ನು ನೀರಿಗಿಳಿಸಿ ಕಣ್ಣು ಮುಚ್ಚಿದರು. ಆಮೇಲೆ, ಸಿಟ್ಟೇನೂ ಇಲ್ಲದೆ ಹೇಳಿದರು: “ಇದ ನೀರು ಐತಾರ ಕೇಳಿದಾಗ ಸಿಕ್ಕಿದ್ರ ಸಾಕಾಗಿತ್ತವ್ವ. ಹೂವು ಬೇಕಾಗಿದ್ದಿಲ್ಲ.”

ಬೈದಿದ್ದರೆ ಬದುಕುತ್ತಿದ್ದೆ. ಮೂರು ಸಲ ಕೇಳಿದ್ದರು, ಮೂರು ಸಲವೂ ಇಲ್ಲವೆಂದ ಹಾಗೇ ಮಾಡಿದ್ದೆ. ಪೇತ್ರನ ಹಟದ ಕಥೆ ಹೇಳುವ ಬಾಯಿಗೆ, ಅವನ ಇನ್ನೊಂದು ಕಥೆ, ಕೋಳಿ ಕೂಗುವ ಮೊದಲು ಮೂರು ಸಲ ಯೇಸುವನ್ನು ಅರಿಯೆನೆಂದ ಕಥೆ, ಆಗ ನೆನಪಾಯಿತು. ತಲೆ ಎತ್ತಲಾಗದೆ ಆ ಕಾಲು ಹಿಡಿದುಕೊಂಡೇ ಅತ್ತುಬಿಟ್ಟೆ. ಪಕ್ಕದಲ್ಲಿ ನಿಂತ ಯಜಮಾನರಿಗೆ ಹಿಮ್ಮಡಿ ಕಾಣುತ್ತಿರಲಿಲ್ಲ; ನನ್ನ ಕಣ್ಣೀರಷ್ಟೇ ಕಂಡಿತು. ಎಷ್ಟು ಭಕ್ತಿ ಎಂದುಕೊಂಡು ಫೋಟೋ ಹೊಡೆದು, ಅಲ್ಲಿಯೇ ನಿಂತು ಗುಂಪಿಗೆ ಹಾಕಿಬಿಟ್ಟರು.

ಅಂದೇ ದವಾಖಾನೆಯ ಸಿಸ್ಟರು ಮುಳ್ಳು ತೆಗೆದು ಪಟ್ಟಿ ಕಟ್ಟಿ, ಇನ್ನೆರಡು ದಿನ ಬಿಟ್ಟಿದ್ದರೆ ಕಾಲಿಗೇ ಅಪಾಯವಿತ್ತು, ಮನೆಯಲ್ಲಿ ನೋಡುವವರು ಯಾರೂ ಇಲ್ಲವೇನು ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. “ಅದಾರ್ರಿ, ಭಾಳ ಕೆಲಸ ಇರ್ತಾವ ಪಾಪ” ಎಂದರು ಅತ್ತೆ. ಮರುದಿನ ಶುಭ ಶುಕ್ರವಾರ. ಮದುವೆಯಾಗಿ ಬಂದಾಗಿನಿಂದ ಶಿಲುಬೆಯ ಹಾದಿಯ ಮೆರವಣಿಗೆಯನ್ನು ಒಂದು ವರ್ಷವೂ ತಪ್ಪಿಸದ ಅವರು ಕಿಟಕಿಯ ಹತ್ತಿರ ಕುಳಿತು, ಬೀದಿಯಲ್ಲಿ ಜನ ಹಾಡುತ್ತ ಹೋಗುವುದನ್ನು ನೋಡಿದರು. ಅವರ ತುಟಿ ಮಾತ್ರ ಆಡುತ್ತಿತ್ತು. ನಾನೂ ಹೋಗಲಿಲ್ಲ, ಆದರೆ ನಾನು ಹೋಗದಿದ್ದದ್ದು ಅವರಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಈಸ್ಟರ್ ದಿನ ಫಾದರ್ ಪ್ರಸಂಗದಲ್ಲಿ ಆ ಫೋಟೋದ ಮಾತು ತೆಗೆದರು. ಸೇವೆ ಎಂದರೆ ಇದು, ಅತ್ತೆಯ ಪಾದ ಹಿಡಿದು ಅಳುವ ಸೊಸೆ ಯಾವ ಊರಿನಲ್ಲಿದ್ದಾಳೆ ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಿಂದ ನೆಲ ನೋಡಿದೆ. ಅದನ್ನೂ ಜನ ವಿನಯದ ಲೆಕ್ಕಕ್ಕೇ ಹಾಕಿದರು.

ಅತ್ತೆಯ ಕಾಲು ಎಂದೋ ವಾಸಿಯಾಗಿದೆ. ಆದರೂ ಸಂಜೆಯಾಯಿತೆಂದರೆ, “ಹೂವು ಬ್ಯಾಡ, ನೀರಷ್ಟ ತಾ” ಎಂದು ಕಾಲು ಚಾಚಿ ಕೂಡುತ್ತಾರೆ. ನಾನು ತರುತ್ತೇನೆ, ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ. ಫಾದರಿಗೆ ನಿಜ ಹೇಳಿದೆಯಾ ಎಂದು ನಡುನಡುವೆ ಕೇಳುತ್ತಾರೆ. ಪಾಪನಿವೇದನೆಗೆ ಎರಡು ಸಲ ಹೋಗಿ ಬಂದೆ. ಸಿಟ್ಟು, ಸೋಮಾರಿತನ ಎಲ್ಲ ಹೇಳಿದೆ, ಇದೊಂದು ಗಂಟಲಲ್ಲೇ ಉಳಿಯಿತು. ಕೊನೆಗೆ ಬರೆದಾದರೂ ಒಪ್ಪಿಕೊಳ್ಳೋಣ ಎಂದು ಕುಳಿತೆ. ನಮ್ಮ ಫಾದರ್ ತೆಲುಗಿನವರು. ಕನ್ನಡ ಆಡಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಮಾತ್ರ ಬರುವುದಿಲ್ಲ. ಅದೇ ಧೈರ್ಯದ ಮೇಲೆ ಇಷ್ಟನ್ನೂ ಕನ್ನಡದಲ್ಲಿ ಬರೆದಿದ್ದೇನೆ.